ಸಂಗೀತ ತಂತ್ರಾಂಶಗಳಲ್ಲಿ ಎರವಲು ಧ್ವನಿ ಲೈಬ್ರರಿಗಳು: ಕಲ್ಯಾಣ ಸೀಮೆಯಿಂದ ಒಂದು ಐತಿಹಾಸಿಕ ವಿವೇಚನೆ

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ ಕೊಹಿನೂರವು ಇತಿಹಾಸ ಗ್ರಂಥಗಳಲ್ಲಿ ಹೆಸರಾದ ಊರೇನೂ ಅಲ್ಲ. ಆದರೆ ಅದು ಸೇರಿರುವ ಸೀಮೆಯು ಸಂಗೀತಶಾಸ್ತ್ರದ ಚರಿತ್ರೆಯಲ್ಲಿ ಅಲಕ್ಷಿಸತಕ್ಕುದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (೧೧೨೬-೧೧೩೮) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ವಿಸ್ತಾರವಾದ ಪ್ರಕರಣಗಳಿವೆ. ಅವನ ಮಗ ಇಮ್ಮಡಿ ಜಗದೇಕಮಲ್ಲನು ‘ಸಂಗೀತಚೂಡಾಮಣಿ’ಯ ಕರ್ತೃ. ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುವರೆಂಬ ಮಾತನ್ನು ಸೋಮೇಶ್ವರನೇ ಬರೆದಿಟ್ಟಿದ್ದಾನೆ. ಆ ಓವಿಯೂ ಕನ್ನಡದ ತ್ರಿಪದಿಯೂ ಇಂದಿಗೂ ಈ ಗಡಿಸೀಮೆಯಲ್ಲಿ ನೆರೆಹೊರೆಯಾಗಿ ಬಾಳುತ್ತಿವೆ. ಮುಂದೆ ದೇವಗಿರಿಯಲ್ಲಿ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ಬರೆಯತೊಡಗಿದಾಗ ತನಗಿಂತ ಹಿಂದಿನ ಆಚಾರ್ಯರ ಹೆಸರುಗಳನ್ನು ಮೊದಲಿಗೇ ಎಣಿಸಿದನು. ಸೋಮೇಶ, ಜಗದೇಕರ ಹೆಸರುಗಳು ಆ ಪಟ್ಟಿಯಲ್ಲಿವೆ. ಪರರಿಂದ ಪಡೆದುದನ್ನು ಅವರ ಹೆಸರು ಹೇಳಿ ಪಡೆಯುವ ಈ ಪದ್ಧತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಇದರ ಪ್ರಸಕ್ತಿ ಮುಂದೆ ಬರಲಿದೆ.

ಕೊಹಿನೂರದ ಸುತ್ತಿನಲ್ಲಿ ಬೀಸುವ ಹಾಡುಗಳನ್ನು ಧ್ವನಿಮುದ್ರಿಸಲು ನಾವು ಹೋಗಿದ್ದಾಗ, ಹಿರಿಯ ಹಾಡುಗಾತಿಯೊಬ್ಬರು ತಮ್ಮ ಹಾಡನ್ನು ಮತ್ತೆ ತಾವೇ ಕೇಳಿ, ನಮ್ಮ ಮುಂದಿದ್ದ ಗಣಕಯಂತ್ರವನ್ನು ನೋಡುತ್ತ, “ಇದ್ರಾಗ ನನ್ನ ಹಾಡ ಎಷ್ಟ್ ವರ್ಷ ಇರ್ತದ್ರಿ?” ಎಂದು ಕೇಳಿದರು. ಆಗ ನಾವು ಕೊಟ್ಟ ಉತ್ತರ ಸಮಾಧಾನದ ಮಾತಾಗಿತ್ತೇ ಹೊರತು ವಿಚಾರಪೂರ್ವಕವಾದ ಉತ್ತರವಾಗಿರಲಿಲ್ಲ. ನಮ್ಮ ಗುಂಪಿನ ವಿದ್ಯಾರ್ಥಿಯ ಯಂತ್ರದಲ್ಲಿ ವಿಂಡೋಸ್ ವ್ಯವಸ್ಥೆಯೂ ವಿಭಾಗದ ಯಂತ್ರದಲ್ಲಿ ಲಿನಕ್ಸ್ ವ್ಯವಸ್ಥೆಯೂ ಇದ್ದುವು. ಒಂದೇ ಮುಕ್ತ ತಂತ್ರಾಂಶವು ಎರಡರಲ್ಲಿಯೂ ನಡೆಯಿತು. ಈ ಸೌಕರ್ಯವು ತಾನಾಗಿ ಒದಗಿದುದಲ್ಲ. ಇದರ ಹಿಂದೆ ಸುಮಾರು ಮೂವತ್ತು ವರ್ಷಗಳ ಆಯ್ಕೆಗಳ ಚರಿತ್ರೆಯಿದೆ. ಆ ತಂತ್ರಾಂಶಗಳ ಕರ್ತೃಗಳು ಯಾವ ಭಾಗವನ್ನು ತಾವೇ ಬರೆದರು, ಯಾವುದನ್ನು ಪರರಿಂದ ಎರವಲು ತಂದರು, ಏಕೆ ತಂದರು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ಎರವಲು ತಂದ ಭಾಗದ ಗುಣಕ್ಕಿಂತ ಅದರ ಪರವಾನಗಿ ಮತ್ತು ಅದರ ಸುತ್ತ ಹಾಕಿದ ಎಲ್ಲೆ, ಇವೆರಡೇ ಹೆಚ್ಚಾಗಿ ತಂತ್ರಾಂಶದ ಆಯುಷ್ಯವನ್ನು ನಿರ್ಣಯಿಸಿವೆ ಎಂಬುದು ನಮ್ಮ ಅಭಿಪ್ರಾಯ.

ಗಣಕಶಾಸ್ತ್ರದಲ್ಲಿ ‘ಲೈಬ್ರರಿ’ ಎಂದರೆ ಪುಸ್ತಕಶಾಲೆಯಲ್ಲ. ಒಂದು ನಿರ್ದಿಷ್ಟ ಕೆಲಸಕ್ಕಾಗಿ ಒಬ್ಬರು ಬರೆದಿಟ್ಟ, ಇತರರು ತಮ್ಮ ತಂತ್ರಾಂಶದೊಳಗೆ ಸೇರಿಸಿಕೊಳ್ಳಬಹುದಾದ ಸಂಕೇತಗಳ ಸಂಚಯವೇ ಲೈಬ್ರರಿ. ತಬಲಾ ಮಾಡುವ ಕುಶಲಿಯು ತಾನೇ ಚರ್ಮ ಹದ ಮಾಡುವುದಿಲ್ಲ, ಹದವಾದುದನ್ನು ತರುತ್ತಾನೆ. ಆದರೆ ಚರ್ಮ ಕೆಟ್ಟರೆ ಜನ ದೂರುವುದು ತಬಲಾ ಮಾಡಿದವನನ್ನೇ. ಧ್ವನಿಯ ವಿಷಯದಲ್ಲಿ ಎರವಲು ಅನಿವಾರ್ಯವಾದುದಕ್ಕೆ ಕಾರಣವು ಸ್ಪಷ್ಟವಾಗಿದೆ. ಪ್ರತಿಯೊಂದು ಗಣಕವ್ಯವಸ್ಥೆಯೂ ಧ್ವನಿ ಒಳಬರುವುದಕ್ಕೂ ಹೊರಹೋಗುವುದಕ್ಕೂ ತನ್ನದೇ ಬಾಗಿಲನ್ನು ಇಟ್ಟಿತು. ಲಿನಕ್ಸ್‌ನಲ್ಲಿ ಫಿನ್ಲೆಂಡಿನ ಹನ್ನು ಸಾವೊಲೈನೆನ್ ಅವರು ೧೯೯೨ರಲ್ಲಿ ಆರಂಭಿಸಿದ ಕಾರ್ಯದಿಂದ ‘ಓಎಸ್‌ಎಸ್’ ಎಂಬ ಪದ್ಧತಿಯು ಬೆಳೆಯಿತು. ೧೯೯೮ರಲ್ಲಿ ಯಾರೊಸ್ಲಾವ್ ಕಿಸೆಲಾ ಅವರು ‘ಆಲ್ಸಾ’ ಎಂಬ ಬೇರೊಂದನ್ನು ತೊಡಗಿಸಿದರು. ೨೦೦೩ರ ಕೊನೆಗೆ ಬಂದ ೨.೬ನೆಯ ಲಿನಕ್ಸ್ ಆವೃತ್ತಿಯಲ್ಲಿ ಅದು ಹಳೆಯದರ ಸ್ಥಾನವನ್ನು ಪಡೆಯಿತು. ವಿಂಡೋಸ್‌ನಲ್ಲಿ ಒಂದರ ಮೇಲೊಂದರಂತೆ ಹಲವು ಪದ್ಧತಿಗಳು ಬಂದುವು. ವಿಸ್ಟಾ ಆವೃತ್ತಿಯೊಂದಿಗೆ ‘ವಾಸಾಪಿ’ ಬಂದಿತು. ಆಪಲ್ ಯಂತ್ರಗಳಲ್ಲಿ ೨೦೦೧ರ ನಂತರ ‘ಕೋರ್ ಆಡಿಯೋ’ ಬಳಕೆಗೆ ಬಂದಿತು. ಇವೆಲ್ಲದರ ಮೇಲೆ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು ೧೯೯೭ರಲ್ಲಿ ‘ಏಸಿಯೋ’ ಎಂಬ ತನ್ನದೊಂದು ದಾರಿಯನ್ನು ತೆರೆದಿತ್ತು. ಒಂದೇ ಹಾಡು, ಐದಾರು ಬಾಗಿಲು. ಪ್ರತಿಯೊಂದು ಬಾಗಿಲಿಗೂ ಪ್ರತ್ಯೇಕ ಸಂಕೇತ ಬರೆಯತಕ್ಕ ಶಕ್ತಿಯು ವೇತನವಿಲ್ಲದೆ ದುಡಿಯುವ ನಾಲ್ಕಾರು ಜನರಿಗೆ ಎಲ್ಲಿಂದ ಬರಬೇಕು?

ಈ ಕಷ್ಟಕ್ಕೆ ಪರಿಹಾರವಾಗಿ ಒದಗಿದುದು ‘ಪೋರ್ಟ್‌ಆಡಿಯೋ’. ೧೯೯೮ರಲ್ಲಿ ಆಸ್ಟ್ರೇಲಿಯದ ರಾಸ್ ಬೆನ್‌ಸಿನಾ ಅವರು ಇದರ ಯೋಜನೆಯನ್ನು ಸೂಚಿಸಿದರು. ಅಮೆರಿಕದ ಫಿಲ್ ಬರ್ಕ್ ಅವರು ಜೊತೆಗೂಡಿದರು. ೨೦೦೧ರಲ್ಲಿ ಕ್ಯೂಬಾದ ಹವಾನಾದಲ್ಲಿ ಕೂಡಿದ ಅಂತರರಾಷ್ಟ್ರೀಯ ಗಣಕಸಂಗೀತ ಸಮ್ಮೇಳನದಲ್ಲಿ ಇವರಿಬ್ಬರೂ ಇದನ್ನು ಕುರಿತು ಪ್ರಬಂಧವನ್ನು ಮಂಡಿಸಿದರು. ತಂತ್ರಾಂಶದ ಕರ್ತೃವು ಒಂದೇ ಬಗೆಯ ಮಾತಿನಲ್ಲಿ ಧ್ವನಿಯನ್ನು ಕೇಳುತ್ತಾನೆ. ಯಾವ ವ್ಯವಸ್ಥೆಯ ಯಾವ ಬಾಗಿಲಿನಿಂದ ಅದನ್ನು ತರಬೇಕೆಂಬುದನ್ನು ಲೈಬ್ರರಿಯೇ ನೋಡಿಕೊಳ್ಳುತ್ತದೆ. ಇದೇ ಕಾಲದಲ್ಲಿ ಗ್ಯಾರಿ ಸ್ಕಾವೊನ್ ಅವರು ‘ಆರ್‌ಟಿಆಡಿಯೋ’ ಎಂಬ ಇದೇ ಉದ್ದೇಶದ ಲೈಬ್ರರಿಯನ್ನು ಸಿ++ ಭಾಷೆಯಲ್ಲಿ ರಚಿಸಿದರು. ಎರಡೂ ಉತ್ತಮವಾದುವೇ. ಇಂದಿಗೂ ಎರಡಕ್ಕೂ ಬಳಕೆದಾರರಿದ್ದಾರೆ.

ಇಲ್ಲಿ ಸ್ವಲ್ಪ ನಿಂತು ಒಂದು ತಾಂತ್ರಿಕ ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಇದನ್ನು ತಿಳಿಯದೆ ಆಯ್ಕೆಯ ಮರ್ಮವು ಗೋಚರವಾಗದು. ಸಾಮಾನ್ಯ ಧ್ವನಿಮುದ್ರಣದಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು ೪೪,೧೦೦ ಅಂಕಿಗಳಾಗಿ ಅಳೆಯುತ್ತಾರೆ. ಯಂತ್ರವು ಇವುಗಳನ್ನು ಒಂದೊಂದಾಗಿ ಕೊಡದೆ ಕಟ್ಟುಕಟ್ಟಾಗಿ ಕೊಡುತ್ತದೆ. ಕಟ್ಟು ೫೧೨ ಅಂಕಿಗಳದಾದರೆ ಅದು ತುಂಬಲು ಸುಮಾರು ೧೧.೬ ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಸುಮಾರು ನಾಲ್ಕು ಮೀಟರು ಸಾಗುತ್ತದೆ. ಅಂದರೆ ಇಂಥ ಒಂದು ಕಟ್ಟಿನ ವಿಳಂಬವು ತಬಲಾದವನನ್ನು ಹದಿಮೂರು ಅಡಿ ದೂರ ಕೂರಿಸಿದಂತೆ. ಮೂರು ಕಟ್ಟು ಸೇರಿದರೆ ಸುಮಾರು ನಲವತ್ತು ಅಡಿ. ಅಷ್ಟು ದೂರದಲ್ಲಿ ಸಾಥಿ ಕುಳಿತರೆ ದ್ರುತಗತಿಯಲ್ಲಿ ಲಯ ಕೂಡುವುದು ಕಷ್ಟವೆಂಬುದನ್ನು ಭಜನೆಯ ಮೇಳದವರಿಗೆ ಹೇಳಿಕೊಡಬೇಕಾಗಿಲ್ಲ. ಆದಕಾರಣ ಕಟ್ಟನ್ನು ಚಿಕ್ಕದಾಗಿಸಬೇಕು. ಚಿಕ್ಕದಾದಷ್ಟೂ ತಂತ್ರಾಂಶವು ಹೆಚ್ಚು ಬೇಗ, ತಪ್ಪದೆ, ಉತ್ತರ ಕೊಡಬೇಕು. ಒಮ್ಮೆ ತಡವಾದರೂ ಕಿವಿಗೆ ‘ಟಕ್’ ಎಂಬ ಒಡಕು ಕೇಳಿಸುತ್ತದೆ.

ಇದರ ಪರಿಣಾಮವಾಗಿ ಎರಡು ಪಂಥಗಳು ಹುಟ್ಟಿದುವು. ಒಂದರಲ್ಲಿ ತಂತ್ರಾಂಶವು ತನಗೆ ಬೇಕಾದಾಗ ಧ್ವನಿಯನ್ನು ಕೇಳಿ, ಅದು ಬರುವವರೆಗೆ ಕಾಯುತ್ತದೆ. ಇನ್ನೊಂದರಲ್ಲಿ ಧ್ವನಿವ್ಯವಸ್ಥೆಯೇ ಕಟ್ಟು ಸಿದ್ಧವಾದಾಗ ತಂತ್ರಾಂಶವನ್ನು ಕೂಗಿ ಕರೆಯುತ್ತದೆ. ಇದಕ್ಕೆ ‘ಕಾಲ್‌ಬ್ಯಾಕ್’ ಎಂದು ಹೆಸರು. ಪೋರ್ಟ್‌ಆಡಿಯೋದ ೧೮ನೆಯ ಆವೃತ್ತಿಯವರೆಗೂ ಕಾಲ್‌ಬ್ಯಾಕ್ ಒಂದೇ ಮೂಲ ಕ್ರಮವಾಗಿತ್ತು. ೧೯ನೆಯದರಲ್ಲಿ ಎರಡನ್ನೂ ಒಪ್ಪಿಕೊಂಡರು. ಕಾಲ್‌ಬ್ಯಾಕಿನ ಕ್ರಮವು ಶೀಘ್ರವಾದುದು, ಆದರೆ ಕಠಿಣ ನಿಯಮದ್ದು. ಕರೆ ಬಂದ ಕ್ಷಣದಲ್ಲಿ ತಂತ್ರಾಂಶವು ಡಿಸ್ಕಿನಿಂದ ಓದಲು ಹೋಗಬಾರದು, ಬೇರೆ ಯಾವುದಕ್ಕೂ ಕಾಯಬಾರದು. ಲೈಬ್ರರಿಯನ್ನು ಆರಿಸಿದವನು ತನ್ನ ತಂತ್ರಾಂಶದ ಒಳರಚನೆಯನ್ನೂ ಅದರೊಡನೆಯೇ ಆರಿಸಿದಂತಾಯಿತು. ಎರವಲು ತಂದುದು ಮನೆಯ ಕಟ್ಟಡವನ್ನೇ ಬದಲಿಸುವ ಈ ಸಂಗತಿಯನ್ನು ಹೊಸಬರು ಬಹುಮಟ್ಟಿಗೆ ತಡವಾಗಿ ಕಂಡುಕೊಳ್ಳುತ್ತಾರೆ.

ಎರವಲಿನ ಚರಿತ್ರೆಗೆ ‘ಆಡಾಸಿಟಿ’ಗಿಂತ ಒಳ್ಳೆಯ ನಿದರ್ಶನವು ದೊರೆಯದು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರಾಜರ್ ಡ್ಯಾನೆನ್‌ಬರ್ಗ್ ಅವರು ೧೯೯೯ರಲ್ಲಿ ಇದನ್ನು ಆರಂಭಿಸಿದರು. ೨೦೦೦ದ ಮೇ ತಿಂಗಳಲ್ಲಿ ಇದು ಸಾರ್ವಜನಿಕರ ಕೈಸೇರಿತು. ಇದರ ಕಿಟಕಿ, ಗುಂಡಿಗಳೆಲ್ಲ ಅಂದು ‘ಡಬ್ಲ್ಯುಎಕ್ಸ್‌ವಿಂಡೋಸ್’ ಎನಿಸಿಕೊಂಡಿದ್ದ ಲೈಬ್ರರಿಯವು. ಧ್ವನಿಯ ಒಳಬರವು, ಹೊರಹೋಕು ಪೋರ್ಟ್‌ಆಡಿಯೋದ್ದು. ಕಡತಗಳನ್ನು ಓದುವ, ಬರೆಯುವ ಕೆಲಸಕ್ಕೆ ಎರಿಕ್ ದ ಕಾಸ್ಟ್ರೋ ಲೋಪೊ ಅವರ ‘ಲಿಬ್‌ಸೌಂಡ್‌ಫೈಲ್’. ಹೀಗೆ ಪಟ್ಟಿ ಬೆಳೆಯುತ್ತದೆ. ಒಂದು ಎಂಪಿ೩ರ ಕಥೆಯನ್ನು ಮಾತ್ರ ಇಲ್ಲಿ ವಿವರವಾಗಿ ಹೇಳುತ್ತೇವೆ.

ಎಂಪಿ೩ ರೂಪದಲ್ಲಿ ಧ್ವನಿಯನ್ನು ಬರೆಯಲು ‘ಲೇಮ್’ ಎಂಬ ಮುಕ್ತ ಲೈಬ್ರರಿಯು ೧೯೯೮ರಿಂದ ಬೆಳೆದುಬಂದಿತ್ತು. ಇದರ ಹೆಸರನ್ನು ಬಿಡಿಸಿದರೆ ‘ಲೇಮ್ ಎಂಬುದು ಎಂಪಿ೩ ಬರೆಯುವ ಸಾಧನವಲ್ಲ’ ಎಂಬರ್ಥ ಬರುತ್ತದೆ! ಹೆಸರಿನಲ್ಲಿಯೇ ಅಡಗಿದ ಈ ವಿನೋದದ ಹಿಂದೆ ಪೇಟೆಂಟಿನ ಛಾಯೆಯಿದ್ದಿತು. ಲೇಮ್‌ನ ಸಂಕೇತವು ಮುಕ್ತವಾಗಿದ್ದರೂ ಅದು ನಡೆಸುವ ಕ್ರಮದ ಮೇಲೆ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯೇ ಮೊದಲಾದವರ ಪೇಟೆಂಟುಗಳಿದ್ದುವು. ಆದುದರಿಂದ ಆಡಾಸಿಟಿಯವರು ಲೇಮ್ ಅನ್ನು ತಮ್ಮ ತಂತ್ರಾಂಶದೊಡನೆ ಹಂಚಲಿಲ್ಲ. ಬೇಕಾದವರು ಬೇರೆ ಕಡೆಯಿಂದ ಅದನ್ನು ತಂದು, ಅದು ಎಲ್ಲಿದೆಯೆಂದು ತಂತ್ರಾಂಶಕ್ಕೆ ತೋರಿಸಿಕೊಡಬೇಕಾಗಿತ್ತು. ಅಂತರಜಾಲದ ಸಂಪರ್ಕ ದುರ್ಬಲವಾಗಿದ್ದ ಊರುಗಳ ಕಾಲೇಜುಗಳಲ್ಲಿ ಇದು ಸಣ್ಣ ತೊಡಕಾಗಿರಲಿಲ್ಲ. ಒಬ್ಬನು ಪಟ್ಟಣದಿಂದ ಪೆನ್‌ಡ್ರೈವಿನಲ್ಲಿ ತಂದ ಆ ಒಂದು ಕಡತವು ಪ್ರಯೋಗಾಲಯದ ಯಂತ್ರದಿಂದ ಯಂತ್ರಕ್ಕೆ ಪ್ರಸಾದದಂತೆ ಹಂಚಿಕೆಯಾದುದನ್ನು ನಾವೇ ಕಂಡಿದ್ದೇವೆ. ಕೊನೆಗೆ ೨೦೧೭ರ ಏಪ್ರಿಲ್ ೨೩ರಂದು ಎಂಪಿ೩ ಪೇಟೆಂಟುಗಳ ಪರವಾನಗಿ ವ್ಯವಹಾರವು ಮುಕ್ತಾಯವಾಯಿತು. ೨೦೧೯ರಲ್ಲಿ ಹೊರಬಂದ ಆಡಾಸಿಟಿ ೨.೩.೨ರಿಂದ ಲೇಮ್ ಅದರೊಳಗೇ ಸೇರಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದುದೇನೆಂದರೆ, ಸುಮಾರು ಎರಡು ದಶಕಗಳ ಕಾಲ ಲೇಮ್ ಹೊರಗಿದ್ದರೂ ಆಡಾಸಿಟಿಯ ಉಳಿದ ಭಾಗಕ್ಕೆ ಬಾಧೆಯಾಗಲಿಲ್ಲ. ಎಂಪಿ೩ ಬರೆಯುವ ಭಾಗವನ್ನು ಬೇಕಾದಾಗ ಜೋಡಿಸುವಂತೆ, ಬೇಡವಾದಾಗ ಬಿಡುವಂತೆ, ಎಲ್ಲೆ ಕಟ್ಟಿ ಬೇರೆಯಾಗಿ ಇರಿಸಿದ್ದರು. ಇದು ಕೇವಲ ಕಾನೂನಿನ ಭಯದಿಂದ ಆದ ವ್ಯವಸ್ಥೆ ಎಂದು ಹೇಳುವವರಿರಬಹುದು. ಇರಲಿ, ಭಯದಿಂದ ಕಟ್ಟಿದ ಗೋಡೆಯೂ ಮಳೆಯನ್ನು ತಡೆಯುತ್ತದೆ.

ಪೇಟೆಂಟಿಗಿಂತಲೂ ಸೂಕ್ಷ್ಮವಾದುದು ಪರವಾನಗಿಯ ವಿಷಯ. ಮುಕ್ತ ತಂತ್ರಾಂಶಗಳೆಲ್ಲವೂ ಒಂದೇ ಷರತ್ತಿನವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿದೆ, ಅದು ಸರಿಯಲ್ಲ. ಪೋರ್ಟ್‌ಆಡಿಯೋದಂಥವು ಎಂಐಟಿ ಮಾದರಿಯವು: ಮೂಲಕರ್ತೃಗಳ ಹೆಸರನ್ನೂ ಷರತ್ತಿನ ಮಾತನ್ನೂ ಅಳಿಸದೆ ಉಳಿಸಿಕೊಂಡರೆ ಸಾಕು, ಯಾರು ಎಲ್ಲಿಯಾದರೂ ಬಳಸಬಹುದು. ಶಾರ್ಙ್ಗದೇವನ ಪಟ್ಟಿಯನ್ನು ಇಲ್ಲಿ ಸ್ಮರಿಸಬಹುದಾಗಿದೆ. ಜಿಪಿಎಲ್‌ನ ಷರತ್ತು ಬೇರೆ: ಆ ಲೈಬ್ರರಿಯನ್ನು ಸೇರಿಸಿಕೊಂಡ ಒಟ್ಟು ತಂತ್ರಾಂಶವನ್ನು ಹಂಚಿದಾಗ ಅದರ ಮೂಲಸಂಕೇತವನ್ನೂ ಅದೇ ಷರತ್ತಿನಡಿ ಕೊಡಬೇಕು. ಇವೆರಡರ ನಡುವೆ ಎಲ್‌ಜಿಪಿಎಲ್ ಇದೆ. ಲೈಬ್ರರಿಯಲ್ಲಿ ಮಾಡಿದ ಬದಲಾವಣೆಗಳನ್ನು ಮುಕ್ತವಾಗಿಡಬೇಕು, ಅದನ್ನು ಬಳಸುವ ತಂತ್ರಾಂಶವು ತನ್ನ ಷರತ್ತನ್ನು ಇಟ್ಟುಕೊಳ್ಳಬಹುದು. ೧೯೯೧ರಲ್ಲಿ ಇದನ್ನು ರಚಿಸಿದಾಗ ಹೆಸರಿನ ಮೊದಲ ಪದವು ‘ಲೈಬ್ರರಿ’ ಎಂದಿತ್ತು. ೧೯೯೯ರಲ್ಲಿ ಅದನ್ನು ‘ಲೆಸರ್’, ಎಂದರೆ ‘ಕಿರಿದು’, ಎಂದು ಬದಲಿಸಿದರು. ಎಲ್ಲ ಲೈಬ್ರರಿಗಳೂ ಇದನ್ನೇ ಬಳಸಬೇಕೆಂಬ ಅಭಿಪ್ರಾಯ ಹಬ್ಬಬಾರದೆಂಬುದು ರಿಚರ್ಡ್ ಸ್ಟಾಲ್ಮನ್ ಅವರ ಉದ್ದೇಶವಾಗಿತ್ತು. ಒಂದು ಪದದ ಬದಲಾವಣೆಯಲ್ಲಿ ಒಂದು ವಾದದ ಇತಿಹಾಸವೇ ಅಡಗಿದೆ.

ಈ ಷರತ್ತುಗಳು ಒಂದಕ್ಕೊಂದು ಹೊಂದದಿದ್ದಾಗ ಆಗುವ ತೊಂದರೆಗೆ ಏಸಿಯೋ ಪ್ರಸಿದ್ಧ ನಿದರ್ಶನ. ವಿಂಡೋಸ್‌ನಲ್ಲಿ ಕಡಿಮೆ ವಿಳಂಬದಿಂದ ಧ್ವನಿಯನ್ನು ಪಡೆಯಲು ಇದು ಸಮರ್ಥವಾದ ದಾರಿಯಾಗಿದ್ದಿತು; ಪೋರ್ಟ್‌ಆಡಿಯೋ ಇದನ್ನು ಬಲ್ಲುದಾಗಿಯೂ ಇದ್ದಿತು. ಆದರೂ ಏಸಿಯೋದ ಷರತ್ತು ಜಿಪಿಎಲ್‌ಗೆ ಒಗ್ಗದ ಕಾರಣ ಆಡಾಸಿಟಿಯವರು ಅದನ್ನು ಸೇರಿಸಿದ ಪ್ರತಿಯನ್ನು ಹಂಚುವಂತಿರಲಿಲ್ಲ. ಸ್ವಂತ ಬಳಕೆಗೆ ಬೇಕಾದವನು ತಾನೇ ಕಟ್ಟಿಕೊಳ್ಳಬಹುದಾಗಿತ್ತು, ಇನ್ನೊಬ್ಬನಿಗೆ ಕೊಡುವಂತಿರಲಿಲ್ಲ. ೨೦೨೫ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯು ಏಸಿಯೋವನ್ನು ಜಿಪಿಎಲ್‌ನ ೩ನೆಯ ಆವೃತ್ತಿಯಡಿಯಲ್ಲಿಯೂ ಕೊಟ್ಟಿತು. ಇಪ್ಪತ್ತೆಂಟು ವರ್ಷ! ಇದರಲ್ಲಿ ತಾಂತ್ರಿಕವಾದ ಅಡ್ಡಿ ಒಂದೂ ಇರಲಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಅದೇ ಸಂಸ್ಥೆಯ ‘ವಿಎಸ್‌ಟಿ೩’ ಪದ್ಧತಿಯನ್ನು ಸೇರಿಸಿಕೊಳ್ಳುವುದಕ್ಕಾಗಿ ಆಡಾಸಿಟಿಯು ೨೦೨೧ರಲ್ಲಿ ತನ್ನ ಪರವಾನಗಿಯನ್ನೇ ಜಿಪಿಎಲ್‌ನ ೩ನೆಯ ಆವೃತ್ತಿಗೆ ಏರಿಸಬೇಕಾಯಿತು. ಒಂದು ಎರವಲಿಗಾಗಿ ಮನೆಯ ಹಕ್ಕುಪತ್ರವನ್ನೇ ತಿದ್ದಿದಂತೆ.

ವಿರುದ್ಧ ದಿಕ್ಕಿನ ನಿದರ್ಶನವೂ ಇದೆ. ಲೋಪೊ ಅವರ ಇನ್ನೊಂದು ಲೈಬ್ರರಿಯಾದ ‘ಲಿಬ್‌ಸ್ಯಾಂಪಲ್‌ರೇಟ್’, ಅಂದರೆ ೪೮,೦೦೦ದ ಮಾಪನವನ್ನು ೪೪,೧೦೦ಕ್ಕೆ ಇಳಿಸುವಂಥ ಕೆಲಸ ಮಾಡುವುದು, ಮೊದಲು ಜಿಪಿಎಲ್‌ನದಾಗಿತ್ತು. ಅದಕ್ಕೆ ಒಪ್ಪದವರು ಹಣ ಕೊಟ್ಟು ಬೇರೆ ಪರವಾನಗಿ ಪಡೆಯಬಹುದಾಗಿತ್ತು. ೨೦೧೬ರಲ್ಲಿ ಅದನ್ನು ಸಡಿಲವಾದ ಬಿಎಸ್‌ಡಿ ಷರತ್ತಿಗೆ ತಂದರು. ಒಂದು ಅಕ್ಷರದ ಸಂಕೇತವೂ ಬದಲಾಗದೆ ಅದು ಬಳಕೆಯಾಗಬಹುದಾದ ತಾಣಗಳು ಬದಲಾದುವು.

ಎಲ್ಲೆಯ ವಿಷಯಕ್ಕೆ ಮರಳೋಣ. ಲೈಬ್ರರಿಯನ್ನು ಇದ್ದಂತೆ ಬಳಸುವುದು ಒಂದು, ತನಗೆ ಬೇಕಾದಂತೆ ತಿದ್ದಿ ತನ್ನೊಳಗೇ ಇಟ್ಟುಕೊಳ್ಳುವುದು ಇನ್ನೊಂದು. ಆಡಾಸಿಟಿಯು ಪೋರ್ಟ್‌ಆಡಿಯೋದ ತಿದ್ದಿದ ಪ್ರತಿಯನ್ನು ಬಹುಕಾಲ ತನ್ನೊಡನೆ ಹೊತ್ತು ನಡೆಯಿತು. ಲಿನಕ್ಸ್ ವಿತರಕರಾದರೋ ಒಂದು ಲೈಬ್ರರಿಗೆ ವ್ಯವಸ್ಥೆಯಲ್ಲಿ ಒಂದೇ ಪ್ರತಿಯಿರಬೇಕು, ದೋಷ ಕಂಡರೆ ಒಂದೆಡೆ ತಿದ್ದಿದರೆ ಎಲ್ಲೆಡೆ ಸರಿಹೋಗಬೇಕು ಎಂಬ ಮತದವರು. ಎರಡೂ ಪಕ್ಷಗಳಲ್ಲಿ ನ್ಯಾಯವಿದೆ. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳ ಕಷ್ಟವನ್ನು ಕಂಡವರಿಗೆ ಇದು ಹೊಸದಲ್ಲ: ಒಂದು ಮಠದ ಓಲೆಯಲ್ಲಿ ತಿದ್ದಿದ ಪಾಠವು ಮೂಲದ ಪರಂಪರೆಗೆ ಹಿಂದಿರುಗದೆ ಉಳಿದರೆ, ನೂರು ವರ್ಷದ ಮೇಲೆ ಯಾವುದು ಮೂಲ, ಯಾವುದು ತಿದ್ದುಪಡಿ ಎಂದು ಹೇಳುವವರಿರುವುದಿಲ್ಲ.

ಲಿನಕ್ಸ್‌ನಲ್ಲಿ ಪಾಲ್ ಡೇವಿಸ್ ಅವರು ರಚಿಸಿದ ‘ಜ್ಯಾಕ್’ ಎಂಬ ವ್ಯವಸ್ಥೆಯ ಗತಿಯೂ ವಿಚಾರಾರ್ಹವಾಗಿದೆ. ಒಂದು ತಂತ್ರಾಂಶದ ಧ್ವನಿಯನ್ನು ಇನ್ನೊಂದಕ್ಕೆ ತಂತಿ ಸಿಕ್ಕಿಸಿದಂತೆ ಜೋಡಿಸುವ ಈ ವ್ಯವಸ್ಥೆಯು ಸಂಗೀತಗಾರರ ಮೆಚ್ಚುಗೆಗೆ ಪಾತ್ರವಾಯಿತು. ಆದರೆ ಸ್ವರಲಿಪಿ ಬರೆಯುವ ‘ಮ್ಯೂಸ್‌ಸ್ಕೋರ್’ ತಂತ್ರಾಂಶವು ೨೦೨೨ರ ಡಿಸೆಂಬರಿನಲ್ಲಿ ಬಂದ ತನ್ನ ೪ನೆಯ ಆವೃತ್ತಿಯಲ್ಲಿ ಜ್ಯಾಕ್‌ನ ಬೆಂಬಲವನ್ನು ಕೈಬಿಟ್ಟಿತು. ಇತ್ತ ವಿಮ್ ಟೇಮನ್ಸ್ ಅವರ ‘ಪೈಪ್‌ವೈರ್’ ಬೇರೆ ದಾರಿ ಹಿಡಿಯಿತು. ಒಳಗಿನದೆಲ್ಲ ಹೊಸದಾದರೂ ಹೊರಗಿನ ಮುಖವನ್ನು ಜ್ಯಾಕ್‌ನಂತೆಯೇ ಇರಿಸಿದುದರಿಂದ ಹಳೆಯ ತಂತ್ರಾಂಶಗಳು ಬದಲಾವಣೆಯನ್ನು ಅರಿಯದೆಯೇ ಅದರ ಮೇಲೆ ನಡೆದುವು. ೨೦೨೧ರಲ್ಲಿ ಬಂದ ಫೆಡೋರಾ ೩೪ರಲ್ಲಿ ಇದೇ ಸಹಜವಾದ ಧ್ವನಿವ್ಯವಸ್ಥೆಯಾಯಿತು.

ಇಷ್ಟೆಲ್ಲ ಲೈಬ್ರರಿಗಳು ನಮ್ಮ ಸಂಗೀತಕ್ಕೆ ಎಷ್ಟರಮಟ್ಟಿಗೆ ಒಗ್ಗುತ್ತವೆ ಎಂಬ ಪ್ರಶ್ನೆಯನ್ನೂ ಎತ್ತಬೇಕು. ಧ್ವನಿಯನ್ನು ಹಾಗೆಯೇ ಮುದ್ರಿಸುವ ಲೈಬ್ರರಿಗೆ ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಹಾಡುವ ಪದವೂ ವಿಯೆನ್ನಾದ ವಾದ್ಯಗೋಷ್ಠಿಯೂ ಒಂದೇ. ತೊಡಕು ಬರುವುದು ಸ್ವರವನ್ನು ಗುರುತಿಸುವ, ಹುಟ್ಟಿಸುವ ಲೈಬ್ರರಿಗಳಲ್ಲಿ. ೧೯೮೩ರಲ್ಲಿ ರೂಢಿಗೆ ಬಂದ ‘ಮಿಡಿ’ ಪದ್ಧತಿಯು ಸ್ವರವೆಂದರೆ ಪಿಯಾನೋದ ಮನೆ ಎಂದು ಭಾವಿಸುತ್ತದೆ. ಅಂಥ ೧೨೮ ಮನೆಗಳಿವೆ. ಮನೆಯಿಂದ ಮನೆಗೆ ಜಾರುವುದಕ್ಕೆ ೧೬,೩೮೪ ಮೆಟ್ಟಿಲುಗಳ ಒಂದು ಸೌಕರ್ಯ ಉಂಟಾದರೂ, ಮೀಂಡ, ಗಮಕಗಳು ಅಲ್ಲಿ ಮುಖ್ಯ ಬಾಗಿಲಿನಿಂದ ಬಾರದೆ ಹಿತ್ತಿಲಿನಿಂದ ಬರಬೇಕಾಗುತ್ತದೆ. ಸ್ಪೇನಿನ ಬಾರ್ಸಿಲೋನದಲ್ಲಿ ಝೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ ೨೦೧೧ರಿಂದ ೨೦೧೭ರವರೆಗೆ ನಡೆದ ‘ಕಾಂಪ್‌ಮ್ಯೂಸಿಕ್’ ಯೋಜನೆಯು ಹಿಂದೂಸ್ತಾನಿ, ಕರ್ನಾಟಕ ಪದ್ಧತಿಗಳನ್ನು ಅವುಗಳ ಲಕ್ಷಣದಂತೆಯೇ ಅಧ್ಯಯನ ಮಾಡಲು ಯತ್ನಿಸಿತು. ಸಂಗೀತ ವಿಶ್ಲೇಷಣೆಗಾಗಿ ಅದೇ ಸಂಶೋಧನ ಬಳಗದವರು ಬೆಳೆಸಿದ ‘ಎಸೆನ್ಷಿಯಾ’ ಲೈಬ್ರರಿಯು ೨೦೧೩ರಲ್ಲಿ ಏಜಿಪಿಎಲ್ ಎಂಬ ಬಿಗಿಯಾದ ಷರತ್ತಿನಡಿ ಮುಕ್ತವಾಯಿತು. ನಮ್ಮ ಕಾಲೇಜಿನವರು ಯಾರಾದರೂ ಅದನ್ನು ಸೇರಿಸಿ ತಂತ್ರಾಂಶ ರಚಿಸಿ, ಅದನ್ನು ಹಂಚಿದರೆ ಅಥವಾ ಜಾಲದ ಮೂಲಕ ಜನರಿಗೆ ಒದಗಿಸಿದರೆ, ತಮ್ಮ ಮೂಲಸಂಕೇತವನ್ನೂ ಕೊಡಬೇಕಾಗುತ್ತದೆ. ಸಂಶೋಧನೆಗೆ ಇದು ಅಡ್ಡಿಯಲ್ಲ. ಮೊದಲೇ ತಿಳಿದಿರಬೇಕು, ಅಷ್ಟೆ.

ಹಾಡುಗಾತಿಯ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು ಹಾಡನ್ನು ಇಡುವ ರೂಪದ ಆಯ್ಕೆ. ಆಡಾಸಿಟಿಯ ಹಳೆಯ ಕ್ರಮದಲ್ಲಿ ಒಂದು ಧ್ವನಿಮುದ್ರಣವು ಒಂದು ಪುಟ್ಟ ಕಡತವಾಗಿಯೂ, ಧ್ವನಿಯೆಲ್ಲ ಚೂರುಚೂರಾಗಿ ತುಂಬಿದ ಒಂದು ಕೋಶವಾಗಿಯೂ ಇರುತ್ತಿತ್ತು. ಪುಟ್ಟ ಕಡತವನ್ನಷ್ಟೇ ಪ್ರತಿಮಾಡಿ ಒಯ್ದವರಿಗೆ ಹೆಸರು ಉಳಿದು ಹಾಡು ಹೋಗುತ್ತಿತ್ತು. ೨೦೨೧ರ ಮಾರ್ಚಿಯಲ್ಲಿ ಬಂದ ೩.೦ ಆವೃತ್ತಿಯಲ್ಲಿ ಎಲ್ಲವನ್ನೂ ‘ಎಸ್‌ಕ್ಯೂಲೈಟ್’ ಎಂಬ ಲೈಬ್ರರಿಯ ನೆರವಿನಿಂದ ಒಂದೇ ಕಡತದಲ್ಲಿ ಇಡತೊಡಗಿದರು. ಎಸ್‌ಕ್ಯೂಲೈಟ್ ಧ್ವನಿಗೆ ಸಂಬಂಧಿಸಿದ್ದಲ್ಲ, ದತ್ತಾಂಶಗಳನ್ನು ಕಾಪಿಡುವಂಥದು. ೨೦೦೦ದಲ್ಲಿ ರಿಚರ್ಡ್ ಹಿಪ್ ಅವರು ರಚಿಸಿದ ಇದರ ಮೇಲೆ ಯಾರ ಹಕ್ಕುಸ್ವಾಮ್ಯವೂ ಇಲ್ಲ. ಧ್ವನಿಯ ತಂತ್ರಾಂಶಕ್ಕೆ ಆದ ಒಂದು ದೊಡ್ಡ ಉಪಕಾರವು ಧ್ವನಿಗೆ ಸಂಬಂಧವಿಲ್ಲದ ಲೈಬ್ರರಿಯಿಂದ ಆದುದು ಆಶ್ಚರ್ಯವೇ ಸರಿ.

ಆದರೆ ಇದು ಕೆಲಸ ನಡೆಯುತ್ತಿರುವಾಗಿನ ರೂಪವೇ ಹೊರತು ಭಂಡಾರದಲ್ಲಿ ಇಡತಕ್ಕ ರೂಪವಲ್ಲ. ಅದಕ್ಕೆ ನಾವು ‘ಫ್ಲ್ಯಾಕ್’ ಅನ್ನು ಆರಿಸಿದೆವು. ಜಾಶ್ ಕೋಲ್ಸನ್ ಅವರು ೨೦೦೧ರಲ್ಲಿ ಹೊರತಂದ ಈ ರೂಪದಲ್ಲಿ ಧ್ವನಿಯ ಒಂದು ಅಂಕಿಯೂ ನಷ್ಟವಾಗದೆ ಕಡತ ಮಾತ್ರ ಕಿರಿದಾಗುತ್ತದೆ. ಅದನ್ನು ಓದುವ ಲೈಬ್ರರಿಯು ಬಿಎಸ್‌ಡಿ ಷರತ್ತಿನದು. ಅದಕ್ಕಿಂತ ಮುಖ್ಯವಾಗಿ, ೨೦೨೪ರ ಡಿಸೆಂಬರಿನಲ್ಲಿ ಇದರ ಪೂರ್ಣ ಲಕ್ಷಣವು ಆರ್‌ಎಫ್‌ಸಿ ೯೬೩೯ ಎಂಬ ಸಾರ್ವಜನಿಕ ಮಾನದಂಡವಾಗಿ ಪ್ರಕಟವಾಗಿದೆ. ಲೈಬ್ರರಿಯೇ ಇಲ್ಲವಾದರೂ ಆ ಬರಹವನ್ನು ಓದಿ ಇನ್ನೊಬ್ಬರು ಹೊಸದನ್ನು ಕಟ್ಟಬಹುದು. ಕೊಹಿನೂರ ಸುತ್ತಿನ ಹಾಡುಗಳನ್ನು ಈ ರೂಪಕ್ಕೆ ತಂದು, ಹಾಡಿದವರು ಒಪ್ಪಿದ ಕಡೆ ಅವರ ಹೆಸರನ್ನೂ ಊರನ್ನೂ ಕಡತದೊಳಗೇ ಕನ್ನಡ ಲಿಪಿಯಲ್ಲಿ ಬರೆದು, ಮೂರು ಬೇರೆ ಬೇರೆ ಸ್ಥಳಗಳಲ್ಲಿ ಇರಿಸಿದ್ದೇವೆ. ಒಂದು ಪ್ರತಿಯನ್ನು ಹಾಡುಗಾತಿಯ ಮೊಮ್ಮಗನ ದೂರವಾಣಿಗೆ ಹಾಕಿಕೊಟ್ಟೆವು. ಅದರಲ್ಲಿಯೂ ಅದು ತೆರೆಯಿತು.